ಗೌರಕ್ಕನ ಮುಖ ಮರೆತ ಮೇಲೆ

ಕಣ್ಣು ಬಿಟ್ಟಾಗ ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಒಬ್ಬ ಗಂಡಸು ಕೂತು ಕಿತ್ತಳೆ ಹಣ್ಣು ಸುಲಿಯುತ್ತಿದ್ದ. ಹೊದಿಕೆ ಮೊಣಕಾಲಿನ ತನಕ ಸರಿದಿತ್ತು. ಸರಕ್ಕನೆ ಎಳೆದುಕೊಂಡೆ. ಪಕ್ಕದ ಮಂಚದವಳ ಕಡೆಯವನಿರಬೇಕು, ಜಾಗ ಸಾಲದೆ ಇತ್ತ ಬಂದು ಕೂತಿದ್ದಾನೆ ಅಂದುಕೊಂಡೆ. ಹೆಂಗಸರ ವಾರ್ಡಿನಲ್ಲಿ ಇವನಿಗೆ ಇಷ್ಟು ಹೊತ್ತು ಎಂತ ಕೆಲಸ ಎಂದು ಸಿಟ್ಟೂ ಬಂತು. ನರ್ಸನ್ನು ಕರೆಯೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಆತ ತಲೆಯೆತ್ತಿ, "ಎಚ್ಚರ ಆತಾ?" ಎಂದ.

ಧ್ವನಿ ನನ್ನ ಗಂಡನದು.

ಕಣ್ಣು ಕಿರಿದು ಮಾಡಿ ನೋಡಿದೆ. ಹುಬ್ಬು, ಮೂಗು, ಅರ್ಧ ಬೆಳ್ಳಗಾದ ಮೀಸೆ, ಗಲ್ಲದ ಮೇಲೆ ಒಂದು ಗಾಯದ ಗುರುತು, ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಮಸುಕು ಇಲ್ಲ, ಎರಡೆರಡಾಗಿ ಕಾಣುವುದಿಲ್ಲ. ಆದರೆ ಆ ಮುಖ ಯಾರದ್ದೂ ಅಲ್ಲ. ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಕೂತು ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗುವವರ ಮುಖದ ಹಾಗೆ. ಆತ ಒಂದು ತೊಳೆ ಬಿಡಿಸಿ ನನ್ನ ಬಾಯಿಗೆ ಹಿಡಿದ. ತಿಂದೆ. ಹೆದರಿಕೆಯಿಂದ ರುಚಿ ಗೊತ್ತಾಗಲಿಲ್ಲ.

ನನ್ನ ಹೆಸರು ನಾಗವೇಣಿ. ಭಟ್ಕಳದ ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇದೆ, ಮನೆ ಜಾಲಿಯ ಬದಿಗೆ. ನಮ್ಮನೆಯವರು ಬಂದರಿಗೆ ಮಂಜುಗಡ್ಡೆ ಸಾಗಿಸುವ ಟೆಂಪೊ ಓಡಿಸುತ್ತಾರೆ. ಮಗಳು ಸ್ಮಿತಾ ಕುಮಟಾದಲ್ಲಿ ರೂಮು ಮಾಡಿಕೊಂಡು ಕಾಲೇಜಿಗೆ ಹೋಗುತ್ತಾಳೆ, ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಅವಳನ್ನು ಬಿಟ್ಟು ಬರಲು ಕುಮಟಾಕ್ಕೆ ಹೋದ ದಿನವೇ ನನಗೆ ತಲೆ ಸಿಡಿಯುತ್ತಿತ್ತು, ಮೈ ಕಾದಿತ್ತು. ಬಿಸಿಲಿನ ದೆಸೆಯಿಂದ ಎಂದುಕೊಂಡು ವಾಪಸ್ಸು ಬಸ್ಸು ಹತ್ತಿದೆ. ಬಸ್ಸು ಹೊನ್ನಾವರದಲ್ಲಿ ನಿಂತಾಗ ನಾನು ಕಂಡಕ್ಟರನ ಹತ್ತಿರ ಅವನ ರವಿಕೆಯ ಅಳತೆ ಕೇಳುತ್ತಿದ್ದೆನಂತೆ. ಪುಣ್ಯಾತ್ಮ ನಗಲಿಲ್ಲ, ಬಸ್ಸು ನಿಲ್ಲಿಸಿಕೊಂಡು ನನ್ನನ್ನು ಇಳಿಸಿ ರಿಕ್ಷಾಕ್ಕೆ ಹತ್ತಿಸಿದ. ಹೊನ್ನಾವರದ ಡಾಕ್ಟರು ನೋಡಿದವರೇ ತಡ ಮಾಡಬೇಡಿ, ಮಂಗಳೂರಿಗೆ ಒಯ್ಯಿರಿ ಎಂದರು. ನಮ್ಮ ಮನೆಗೆ ಹೋಗುವ ತಿರುವನ್ನು ದಾಟಿಕೊಂಡೇ ಆಂಬುಲೆನ್ಸ್ ಹೋಯಿತಂತೆ. ನನಗೆ ಒಂದೂ ನೆನಪಿಲ್ಲ, ಇವೆಲ್ಲ ಆಮೇಲೆ ಅವರಿವರು ಹೇಳಿದ್ದು.

ಕಾಯಿಲೆಯ ಹೆಸರು ಮೆದುಳು ಜ್ವರ. ಜ್ವರ ಬಿಟ್ಟಿತು, ಕೈಕಾಲು ಸರಿಯಾದವು, ಮಾತು ಸರಿಯಾಯಿತು. ಹೋದದ್ದು ಇದೊಂದೇ. ಅದನ್ನು ಹೇಳಲು ನನಗೆ ಮೂರ್ನಾಲ್ಕು ದಿನ ಧೈರ್ಯ ಬರಲಿಲ್ಲ. ಕಟ್ಟಿಕೊಂಡ ಗಂಡನ ಮುಖ ಗೊತ್ತಾಗುತ್ತಿಲ್ಲ ಎಂದು ಯಾರ ಹತ್ತಿರ ಹೇಳುವುದು? ಕೊನೆಗೆ ಅಲ್ಲಿನ ಸಣ್ಣ ಪ್ರಾಯದ ಡಾಕ್ಟರಮ್ಮನಿಗೆ ತಾನಾಗಿ ಅನುಮಾನ ಬಂತು. ಬೆಳಿಗ್ಗೆ ಅವರು ಬಿಳಿ ಕೋಟು ಹಾಕದೆ ಬಂದಾಗ ನಾನು, "ನೀವು ಯಾರನ್ನ ನೋಡುಕೆ ಬಂದದ್ದು?" ಎಂದು ಕೇಳಿಬಿಟ್ಟಿದ್ದೆ.

ಅವರು ಮೊಬೈಲಿನಲ್ಲಿ ದೊಡ್ಡ ದೊಡ್ಡ ಸಿನಿಮಾ ನಟರ ಫೋಟೊ ತೋರಿಸಿ ಹೆಸರು ಕೇಳಿದರು. ಒಬ್ಬರ ಹೆಸರೂ ಬರಲಿಲ್ಲ. ಕತ್ತರಿಯ ಚಿತ್ರ ತೋರಿಸಿದರು, ಹೇಳಿದೆ. ಹಲಸಿನಕಾಯಿ, ಹೇಳಿದೆ. ಆಮೇಲೆ ನಮ್ಮನೆಯವರ ಮೊಬೈಲಿನಲ್ಲಿದ್ದ ಒಬ್ಬ ಹುಡುಗಿಯ ಫೋಟೊ ತೋರಿಸಿದರು. ಹಲ್ಲು ಕಾಣುವ ಹಾಗೆ ನಗುತ್ತಿದ್ದಳು. "ಚಂದ ಇದ್ದಾಳೆ" ಎಂದೆ. ನಮ್ಮನೆಯವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅದರಿಂದಲೇ ನನಗೆ ಅದು ಸ್ಮಿತಾ ಎಂದು ತಿಳಿದದ್ದು.

"ನಿಮ್ಮ ಕಣ್ಣಿಗೆ ಏನೂ ಆಗ್ಲಿಲ್ಲ" ಎಂದರು ಡಾಕ್ಟರಮ್ಮ. "ಮರೆವೂ ಅಲ್ಲ ಇದು. ಮಗಳ ಬಗ್ಗೆ ಕೇಳಿದ್ರೆ ಎಲ್ಲ ಹೇಳ್ತೀರಿ. ಮುಖ ನೋಡುದಕ್ಕೆ ಒಂದು ಜಾಗ ಉಂಟು, ನೆನಪು ಇಡುದಕ್ಕೆ ಬೇರೆ ಜಾಗ ಉಂಟು. ಅದೆರಡು ಒಂದಕ್ಕೊಂದು ಸೇರುವ ದಾರಿಗೆ ಪೆಟ್ಟಾಗಿದೆ."

"ಸರಿ ಆಗ್ತದಾ?" ಎಂದು ಕೇಳಿದೆ.

"ಮುಖದ್ದು ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ಮೆದುಳು ಬೇರೆ ದಾರಿ ಕಲೀತದೆ. ನೀವು ಕಲಿಸಬೇಕು."

ನನಗೆ ಅರ್ಥವಾದದ್ದು ನನ್ನ ಕಸುಬಿನ ಲೆಕ್ಕದಲ್ಲಿ. ಬೆನ್ನು, ಎದೆ, ತೋಳು ಎಲ್ಲ ತುಂಡುಗಳೂ ಸರಿಯಾಗಿ ಕತ್ತರಿಸಿ ಇಟ್ಟಲ್ಲೇ ಇವೆ, ಹೊಲಿಗೆ ಮಾತ್ರ ಬಿಚ್ಚಿದೆ. ಹಾಗೆ ಹೇಳಿದಾಗ ಡಾಕ್ಟರಮ್ಮ ತಲೆಯಾಡಿಸಿದರು. ಬಟ್ಟೆಯಾದರೆ ಒಂದು ಮಧ್ಯಾಹ್ನದ ಕೆಲಸ, ತಿರುಗಿ ಹೊಲಿದು ಬಿಸಾಕುತ್ತಿದ್ದೆ.

ಊರಿಗೆ ಬರುವಾಗ, ಶಿರೂರು ದಾಟಿದ ಮೇಲೆ, ನಮ್ಮನೆಯವರು ಕಾರಿನಲ್ಲಿ ನನ್ನ ಕೈ ಹಿಡಿದುಕೊಂಡು ಒಂದು ಸುದ್ದಿ ಹೇಳಿದರು. ಹಿತ್ತಲಿನ ಆಚೆ ಮನೆಯ ಗಣಪತಣ್ಣ ಹೋಗಿಬಿಟ್ಟಿದ್ದರು. ನಾನು ಮಂಗಳೂರಿನಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಾಗ ಅವರಿಗೆ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಕ್ರಿಯೆಗಳೂ ಆಗಿಹೋಗಿದ್ದವು.

"ಗೌರಕ್ಕ?" ಎಂದೆ.

"ಇದ್ದಾರೆ" ಎಂದರು. ಅಷ್ಟೇ ಹೇಳಿ ಹೊರಗೆ ನೋಡುತ್ತ ಕೂತರು.

ಗೌರಕ್ಕ ಗಣಪತಣ್ಣನ ಹೆಂಡತಿ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಮಧ್ಯಾಹ್ನ ಊಟ ಮುಗಿಸಿ ನನ್ನ ಅಂಗಡಿಗೆ ಬಂದು ಹುಕ್ಕು ಹಾಕುವುದು, ಸೀರೆಗೆ ಫಾಲ್ ಹಚ್ಚುವುದು, ಕೈಹೊಲಿಗೆ ಎಲ್ಲ ಅವಳದ್ದು. ಅವಳು ನೆಲದ ಮೇಲೆ ಕಾಲು ಚಾಚಿ ಕೂತು ಹೊಲಿಯುತ್ತ ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದಳು, ನಾನು ಮೆಷಿನ್ ತುಳಿಯುತ್ತ ನಗುತ್ತಿದ್ದೆ. ಇಬ್ಬರೂ ಸೇರಿ ಹೊಲಿದ ಬಟ್ಟೆಗಿಂತ ಆಡಿದ ಮಾತೇ ಜಾಸ್ತಿ. ಒಡಹುಟ್ಟಿದವರಿಗೂ ಹೇಳದ್ದನ್ನು ನಾನು ಅವಳಿಗೆ ಹೇಳಿದ್ದೇನೆ.

ಮೊದಲು ಅವಳ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಡಾಕ್ಟರು ಹೊರಗೆ ತಿರುಗಬೇಡಿ ಎಂದದ್ದು ಒಂದು ಕಾರಣ. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ. ಸಾವಿನ ಮನೆಯಲ್ಲಿ ಹತ್ತು ಹೆಂಗಸರು ಕೂತಿರುತ್ತಾರೆ, ಯಾರೂ ಮಾತಾಡುವುದಿಲ್ಲ. ಅವರಲ್ಲಿ ಗೌರಕ್ಕ ಯಾರು ಎಂದು ನಾನು ಹೇಗೆ ಹುಡುಕಲಿ? ಬೇರೆ ಯಾರದ್ದೋ ಕೈ ಹಿಡಿದು ಅತ್ತುಬಿಟ್ಟರೆ? ಫೋನ್ ಮಾಡಿದೆ, ಅವಳ ಸೊಸೆ ರೇಖಾ ತೆಗೆದುಕೊಂಡು, "ಮಲಗಿದ್ರು" ಎಂದಳು. ಗೌರಕ್ಕನೇ ಬರುತ್ತಾಳೆ, ಬಂದು ಬಾಗಿಲಲ್ಲೇ "ಎಂತದೇ ವೇಣಿ" ಎನ್ನುತ್ತಾಳೆ, ಆಗ ಎಲ್ಲ ಸರಿಯಾಗುತ್ತದೆ ಎಂದು ಕಾದೆ.

ಇದನ್ನು ಯಾರಿಗೂ ಹೇಳುವುದು ಬೇಡ ಎಂದು ತೀರ್ಮಾನಿಸಿದವರು ನಮ್ಮನೆಯವರು. "ಜ್ವರ ಬಂದಿತ್ತು, ವಾಸಿ ಆತು, ಅಷ್ಟೇ. ತಲೆದು ಅಂತ ಹೇಳಿದ್ರೆ ನಾಳೆ ಹುಚ್ಚು ಅಂತ್ರು. ಹೆಣ್ಣು ಮಗಳು ಇದ್ದಾಳೆ ಮನೇಲಿ." ಅವರ ಮೇಲೆ ಸಿಟ್ಟು ಬರಲಿಲ್ಲ. ನಾಳೆ ಸ್ಮಿತಾಳನ್ನು ಕೇಳಲು ಬರುವವರು ತಾಯಿಗೆ ಎಂತ ಕಾಯಿಲೆ ಎಂದು ಕೇಳಿಯೇ ಕೇಳುತ್ತಾರೆ. ನಾನೂ ಹೂಂ ಎಂದೆ.

ಮನೆಯೊಳಗೆ ಮೂವರೇ, ಕಷ್ಟವಿರಲಿಲ್ಲ. ನಮ್ಮನೆಯವರು ಸಂಸಾರ ಶುರುವಾದಾಗಿನಿಂದ ಮಾತಿಗೆ ಬಹಳ ಪಿಟ್ಟಾಸಿ ಮನುಷ್ಯ. ಕೇಳಿದರೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ಅಂಥವರು ಈಗ ಗೇಟಿನಿಂದಲೇ ಮಾತಾಡಿಕೊಂಡು ಬರತೊಡಗಿದರು. "ನಾನು ಬಂದೆ. ಟೆಂಪೊ ಅಲ್ಲೇ ನಿಲ್ಲಿಸಿದೆ. ಬಂದರದಲ್ಲಿ ಇವತ್ತು ಮೀನು ಕಮ್ಮಿ. ಚಪ್ಪಲಿ ಬಿಡ್ತಾ ಇದ್ದೆ." ಆಕಾಶವಾಣಿಯ ಹಾಗೆ ವರದಿ. ಈ ಭಾಗ್ಯಕ್ಕೆ ಮೆದುಳು ಜ್ವರವೇ ಬರಬೇಕಾಯಿತಾ ಎಂದು ನಾನು ಛೇಡಿಸಿದರೆ ಅವರಿಗೆ ನಾಚಿಕೆಯಾಗುತ್ತಿತ್ತು. ಮಾತಿಲ್ಲದಾಗಲೂ ನಿಧಾನಕ್ಕೆ ಕಲಿತೆ. ಮಂಜಿನ ಪೆಟ್ಟಿಗೆ ಎತ್ತಿ ಎತ್ತಿ ಅವರ ಎಡ ಭುಜ ಒಂದು ಬೆರಳಿನಷ್ಟು ಇಳಿದಿದೆ. ಇಷ್ಟು ವರ್ಷ ಅವರ ಅಂಗಿಯನ್ನು ಒಗೆದು ಮಡಚಿದವಳು ಅದನ್ನು ನೋಡಿರಲಿಲ್ಲ. ಈಗ ಬಾಗಿಲಲ್ಲಿ ನೆರಳು ಬಿದ್ದರೆ ಮೊದಲು ಭುಜ ನೋಡುತ್ತೇನೆ.

ಸ್ಮಿತಾಳನ್ನು ಜಡೆಯಿಂದ ಕಲಿತೆ. ಉದ್ದ ಜಡೆ, ತುದಿಗೆ ಕಪ್ಪು ರಬ್ಬರು. ಒಂದು ಶನಿವಾರ ಅವಳು ಕುಮಟಾದಿಂದ ಕೂದಲು ಕತ್ತರಿಸಿಕೊಂಡು ಬಂದಳು. ನನ್ನನ್ನು ನಗಿಸೋಣವೆಂದು ಬಾಗಿಲಲ್ಲಿ ಮಾತಾಡದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಂಗಡಿ ಇವತ್ತು ಇಲ್ಲ, ಸೋಮವಾರ ಬನ್ನಿ" ಎಂದೆ ನಾನು. ಅವಳು ಹಾಗೆಯೇ ನಿಂತಿದ್ದಳು. "ಯಾರು ಬೇಕಿತ್ತು?" ಎಂದೆ. "ನೀನೇ" ಎಂದು ಒಳಗೆ ಓಡಿ ಬಚ್ಚಲಿನ ಬಾಗಿಲು ಹಾಕಿಕೊಂಡಳು. ನಲ್ಲಿ ತಿರುಗಿಸಿದ ಸದ್ದು ಬಹಳ ಹೊತ್ತು ಕೇಳಿಸಿತು. ಹೊರಗೆ ನಿಂತು ಬಾಗಿಲು ತಟ್ಟುತ್ತ, ನನ್ನ ಮಗಳು ಅಳುತ್ತಿದ್ದಾಳೆ, ಕಾರಣ ನಾನು ಎಂದುಕೊಂಡೆ.

ಆ ನಡುವೆಯೇ ಗೇಟಿನ ಸಂಗತಿ ನಡೆದದ್ದು.

ಮಂಗಳೂರಿಗೆ ತಿರುಗಿ ತೋರಿಸಲು ಹೋಗುವ ದಿನ. ಸ್ಕ್ಯಾನ್ ಇತ್ತು, ಮೆದುಳಿನ ಬಾವು ಪೂರ್ತಿ ಇಳಿದಿದೆಯೋ ಇಲ್ಲವೋ ಗೊತ್ತಾಗಬೇಕಿತ್ತು. ಬಾಡಿಗೆ ಕಾರು ಓಣಿಯೊಳಗೆ ಬರುವುದಿಲ್ಲ, ನಮ್ಮನೆಯವರು ರಸ್ತೆಯ ತುದಿಯಲ್ಲಿ ಕಾಯುತ್ತಿದ್ದರು. ಸ್ಮಿತಾ ಹಿಂಬಾಗಿಲು ಹಾಕುತ್ತಿದ್ದಳು. ನಾನು ಅಂಗಳಕ್ಕಿಳಿದು ಗೇಟಿನ ಹತ್ತಿರ ಬಂದರೆ ಆಚೆ ಬದಿಗೆ ಒಬ್ಬ ಹೆಂಗಸು ನಿಂತಿದ್ದಳು. ಸಣಕಲು ಮೈ, ಮಾಸಿದ ಸೀರೆ, ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದಳು. ನನ್ನನ್ನೇ ನೋಡುತ್ತಿದ್ದಳು. ಮಾತಾಡಲಿ ಎಂದು ನಾನು ಕಾದೆ. ಅವಳೂ ನನ್ನ ಮಾತಿಗೆ ಕಾದಳು. ಹರಕೆಗೆ ಅಕ್ಕಿ ಬೇಡಲು ಬರುವವರು ಹೀಗೆಯೇ ಸುಮ್ಮನೆ ನಿಲ್ಲುತ್ತಾರೆ. ಅವರಲ್ಲೊಬ್ಬಳು ಎಂದುಕೊಂಡೆ. ಅಷ್ಟರಲ್ಲಿ ತಲೆ ತಿರುಗಿದ ಹಾಗಾಯಿತು, ಬೆಳಗಿನ ಮಾತ್ರೆ ನುಂಗಿರಲಿಲ್ಲ. ತಿರುಗಿ ಒಳಗೆ ಬಂದು ಬಾಗಿಲೆದುರಿನ ಬೆಂಚಿನ ಮೇಲೆ ಕೂತೆ. ಸ್ಮಿತಾ ನೀರು ತಂದುಕೊಟ್ಟಳು, ಕುಡಿದೆ. ಸ್ವಲ್ಪ ಸುಧಾರಿಸಿಕೊಂಡು ಹೊರಗೆ ಬಂದಾಗ ಗೇಟಿನಲ್ಲಿ ಯಾರೂ ಇರಲಿಲ್ಲ.

ಅದು ಗೌರಕ್ಕ. ಗಂಡ ಹೋದ ಮೇಲೆ ಅವಳು ಮನೆಯಿಂದ ಹೊರಗೆ ಕಾಲಿಟ್ಟದ್ದು ಅದೇ ಮೊದಲು, ಅದೂ ನನ್ನನ್ನು ನೋಡುವುದಕ್ಕೆ. ಇದು ನನಗೆ ಗೊತ್ತಾಗಲು ಎಷ್ಟೋ ತಿಂಗಳು ಹಿಡಿಯಿತು.

ಸ್ಕ್ಯಾನ್ ಚೆನ್ನಾಗಿ ಬಂತು. ಅಂಗಡಿ ತೆರೆದೆ. ಕೈಗೆ ಕತ್ತರಿ ಮರೆತಿರಲಿಲ್ಲ, ಬಟ್ಟೆ ಮೇಜಿನ ಮೇಲೆ ಹಾಸಿದರೆ ಸೀಮೆಸುಣ್ಣದ ಗೆರೆ ತಾನಾಗಿ ಬೀಳುತ್ತಿತ್ತು. ತೊಂದರೆ ಬಂದದ್ದು ಬಟ್ಟೆ ತೊಡುವವರಿಂದ. ಒಂದು ದಿನ ಟ್ರಯಲ್ ಕೋಣೆಯ ಕಡೆಗೆ ಹೋಗುತ್ತಿದ್ದಾಗ ಎದುರಿಗೆ ಒಬ್ಬ ಹೆಂಗಸು ಬಂದಳು. "ನೀವು ಹೋಗಿ" ಎಂದು ಬದಿಗೆ ಸರಿದೆ. ಅವಳೂ ಸರಿದಳು. ಕನ್ನಡಿ ಅದು. ಕುತ್ತಿಗೆಯಲ್ಲಿ ನೇತಾಡುವ ಅಳತೆ ಟೇಪು ನೋಡಿ ನಾನೇ ಎಂದು ತಿಳಿದು ನಗು ಬಂತು. ನಕ್ಕವಳ ಮುಖವೂ ಗೊತ್ತಿಲ್ಲದವರದ್ದೇ ಆಗಿದ್ದರಿಂದ ನಗು ಅರ್ಧಕ್ಕೆ ನಿಂತಿತು.

ದಾರಿಯಲ್ಲಿ ಮೊದಮೊದಲು ಎಲ್ಲರಿಗೂ ನಗುತ್ತಿದ್ದೆ. ಪರಿಚಯದವರಾದರೆ ಸರಿ, ಅಲ್ಲದಿದ್ದರೆ ಏನು ಗಂಟು ಹೋಗುತ್ತದೆ ಎಂಬ ಲೆಕ್ಕ. ಗುರುತಿಲ್ಲದ ಗಂಡಸರಿಗೂ ನಕ್ಕೆ. ಅವರಲ್ಲೊಬ್ಬ ಅಂಗಡಿಯ ತನಕ ಹಿಂದೆ ಬಂದು, "ನಿಮಗೆ ನನ್ನ ಪರಿಚಯ ಉಂಟಾ?" ಎಂದು ಕೇಳಿದ ಮೇಲೆ ನಗುವುದನ್ನು ಬಿಟ್ಟು ನೆಲ ನೋಡುತ್ತ ನಡೆಯತೊಡಗಿದೆ. ನಮ್ಮೂರಿನಲ್ಲಿ ಎದುರು ಸಿಕ್ಕವರಿಗೆ "ಊಟ ಆತಾ" ಎನ್ನದೆ ಹೋದರೆ ಸಣ್ಣ ತಪ್ಪಲ್ಲ. ಮಂಗಳೂರು ಕಂಡು ಬಂದ ಮೇಲೆ ಟೇಲರ್ ನಾಗವೇಣಿಗೆ ಸೊಕ್ಕು ಬಂದಿದೆ ಎಂಬ ಮಾತು ನನ್ನ ಕಿವಿಗೇ ಬಿತ್ತು. ಊರ ಬಾಯಿಗೆ ಬೀಗ ಹಾಕುವವರಾರು? ಮದುವೆಗಳಿಗೆ ಹೋಗುವುದನ್ನು ನಿಲ್ಲಿಸಿದೆ. ಮದುವೆ ಮಂಟಪದಲ್ಲಿ ಎಲ್ಲರೂ ಹೊಸ ಸೀರೆ ಉಟ್ಟು, ಬೇರೆ ಥರ ಜಡೆ ಹಾಕಿ ಬರುತ್ತಾರೆ, ನಾನು ಕಲಿತ ಗುರುತುಗಳೆಲ್ಲ ಒಂದೇ ದಿನಕ್ಕೆ ಅಳಿಸಿಹೋಗುತ್ತವೆ. ಅಷ್ಟು ಜನರ ನಡುವೆ ಒಂದು ಕುರ್ಚಿಯಲ್ಲಿ ಕೂತು, ಯಾರಾದರೂ ಬಂದು ಮೊದಲು ಬಾಯಿ ಬಿಡಲಿ ಎಂದು ಕಾಯುವುದಿದೆಯಲ್ಲ, ಅದಕ್ಕಿಂತ ಆಸ್ಪತ್ರೆಯ ಮಂಚ ಮೇಲು.

ಆಗ ನನಗೆ ಸುಖವಿದ್ದದ್ದು ಬುರ್ಖಾ ಹಾಕಿಕೊಂಡು ಬರುವ ಗಿರಾಕಿಗಳ ಹತ್ತಿರ. ಜಾಲಿಯ ನಸೀಮಾ ಹತ್ತು ವರ್ಷದಿಂದ ನನ್ನಲ್ಲೇ ಹೊಲಿಸುವವಳು. ಅಂಗಡಿಯ ಮೆಟ್ಟಿಲು ಹತ್ತುವಾಗಲೇ, "ಅಕ್ಕಾ, ನಾನು ನಸೀಮಾ" ಎನ್ನುವುದು ಅವಳ ರೂಢಿ. ಅವಳ ಧ್ವನಿ, ಕೈಯ ಬಳೆ, ಎಡಗಾಲು ತುಸು ಎಳೆದು ನಡೆಯುವ ರೀತಿ, ಇವುಗಳಿಂದಲೇ ನಾನು ಮೊದಲಿಂದಲೂ ಅವಳನ್ನು ಗುರುತಿಸುತ್ತಿದ್ದೆ. ಜ್ವರ ಇವ್ಯಾವುದನ್ನೂ ಮುಟ್ಟಿರಲಿಲ್ಲ. ಇಡೀ ಭಟ್ಕಳದಲ್ಲಿ ನನಗೆ ಹಿಂದಿನಂತೆಯೇ ಉಳಿದವರು ಮುಖ ಕಾಣದವರು. ಅವಳು ಬಂದ ದಿನ ಬೇಕೆಂದೇ ಅಳತೆ ಎರಡೆರಡು ಸಲ ತೆಗೆದು, ಚಾ ತರಿಸಿ ಕೂರಿಸಿಕೊಳ್ಳುತ್ತಿದ್ದೆ.

"ಎಂತ ಅಕ್ಕಾ, ಈಗ ಒಬ್ರೇ ಕೂತ್ಕಂತ್ರಿ? ಆ ಕೈಹೊಲಿಗೆ ಅಕ್ಕ ಬರುದಿಲ್ವಾ?" ಎಂದು ಒಮ್ಮೆ ಕೇಳಿದಳು.

"ಬರ್ತ್ರು" ಎಂದೆ. ಹುಕ್ಕು ಹಾಕದ ರವಿಕೆಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಬೇರೆಯವರಿಗೆ ಕೊಡಲು ಮನಸ್ಸು ಬರಲಿಲ್ಲ, ಮನೆಗೆ ಒಯ್ದು ನಾನೇ ಹಾಕುತ್ತಿದ್ದೆ.

ಮೊದಲು ಗೌರಕ್ಕ ಸೂತಕದ ಮನೆಯವಳು, ಹೊರಗೆ ಬರುವುದಿಲ್ಲ ಎಂದುಕೊಂಡಿದ್ದೆ. ಆಮೇಲೆ ಅವಳು ರೇಷನ್ ಅಂಗಡಿಗೆ ಬಂದಿದ್ದಳು, ದೇವಸ್ಥಾನದ ಕಡೆ ಹೋಗಿದ್ದಳು ಎಂದೆಲ್ಲ ಅವರಿವರ ಬಾಯಲ್ಲಿ ಕೇಳಿದೆ. ನನ್ನಲ್ಲಿಗೆ ಮಾತ್ರ ಬರಲಿಲ್ಲ. ಅವಳೂ ಸೊಕ್ಕಿನವಳ ಸಹವಾಸ ಬೇಡವೆಂದು ಬಿಟ್ಟಳಾ? ಬಿಟ್ಟರೆ ಬಿಡಲಿ ಎಂದು ಮೆಷಿನ್ ಜೋರಾಗಿ ತುಳಿಯುತ್ತಿದ್ದೆ. ಮಧ್ಯಾಹ್ನವಾದರೆ ಕಣ್ಣು ಬಾಗಿಲಿಗೇ ಹೋಗುತ್ತಿತ್ತು. ಬಾಗಿಲಿನ ಮುಂದೆ ನೂರಾರು ಹೆಂಗಸರು ದಾಟಿ ಹೋಗುತ್ತಾರೆ, ಅವರಲ್ಲಿ ಒಬ್ಬಳು ಗೌರಕ್ಕ ಆಗಿರಬಹುದು, ನನ್ನ ಕಡೆ ನೋಡಿಯೇ ಮುಂದೆ ಹೋಗುತ್ತಿರಬಹುದು. ನನಗೆ ಗೊತ್ತಾಗುವ ಬಗೆಯಿಲ್ಲ. ಕಣ್ಣೆದುರು ಬಂದರೂ ಇಲ್ಲದಂತೆ ಆಗುವುದು ಎಂದರೆ ಎಂತ ಎಂದು ಆ ದಿನಗಳಲ್ಲಿ ತಿಳಿಯಿತು. ಈ ಕಾಯಿಲೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಹೇಳಬೇಕಾದ್ದು ಇಷ್ಟೇ. ಜ್ವರಕ್ಕೆ ಹೆದರಬೇಡಿ, ಆಮೇಲಿನ ಮಧ್ಯಾಹ್ನಗಳಿಗೆ ಒಬ್ಬರನ್ನಾದರೂ ಜೊತೆಗಿಟ್ಟುಕೊಳ್ಳಿ. ನಾನು ಅದನ್ನು ಮಾಡಿರಲಿಲ್ಲ.

ವಿಷಯ ಹೊರಬಿದ್ದದ್ದು ಬೇಸಿಗೆಯಲ್ಲಿ. ಕುಮಟಾದಿಂದ ಬರುವ ಬಸ್ಸಿನಲ್ಲಿ ಸ್ಮಿತಾಳಿಗೆ ಗೌರಕ್ಕನ ಸೊಸೆ ರೇಖಾ ಸಿಕ್ಕಿದ್ದಳಂತೆ. ಸ್ಮಿತಾ ಚೀಲ ಕೆಳಗಿಡುವ ಮೊದಲೇ ಕೇಳಿದಳು:

"ಅಮ್ಮಾ, ನಾನು ಸ್ಮಿತಾ. ಅವತ್ತು ಮಂಗಳೂರಿಗೆ ಹೊರಟಾಗ ಗೇಟಿನಲ್ಲಿ ಯಾರಾದ್ರೂ ನಿಂತಿದ್ರಾ?"

"ಹರಕೆಯವಳು ಒಬ್ಬಳು ಇದ್ಲು."

"ಹರಕೆಯವಳಲ್ಲ. ಗೌರತ್ತೆ." ಅವಳು ಚೀಲ ನೆಲಕ್ಕೆ ಹಾಕಿದಳು. "ನೀನು ಅವರ ಮುಖ ಕಂಡು ಮಾತಾಡದೆ ಒಳಗೆ ಹೋದ್ಯಂತೆ. ಹೋಗಿ ಕೂತು ನೀರು ಕುಡಿದ್ಯಂತೆ. ಅವರು ಗೇಟಿನ ಸಂದಿಯಿಂದ ಎಲ್ಲ ನೋಡಿದ್ರಂತೆ."

ಒಳ್ಳೆಯ ಕೆಲಸಕ್ಕೆ ಹೊರಟಾಗ ವಿಧವೆ ಎದುರಾದರೆ ಒಳಗೆ ಹೋಗಿ, ಕೂತು, ನೀರು ಕುಡಿದು ಮತ್ತೆ ಹೊರಡುವುದು ನಮ್ಮ ಹಳಬರು ಮಾಡುತ್ತಿದ್ದದ್ದು. ಈಗಲೂ ಮಾಡುವವರಿದ್ದಾರೆ. ಒಂದನ್ನೂ ಬಿಡದೆ ಅದನ್ನೇ ಸಾಲಾಗಿ ನಾನು ಮಾಡಿದ್ದೆ. ಮೊದಲ ಸಲ ಹೊರಗೆ ಬಂದವಳಿಗೆ, ಅವಳ ಕಣ್ಣೆದುರಿಗೇ. ಬೇರೆ ಯಾವ ಊರಿನವರಾದರೂ ಪಾಪ, ತಲೆ ತಿರುಗಿರಬೇಕು ಎಂದುಕೊಳ್ಳುತ್ತಿದ್ದರು. ನಮ್ಮೂರಿನವಳಿಗೆ ಅದಕ್ಕೆ ಒಂದೇ ಅರ್ಥ.

"ನಾನು ಹೋಗಿ ಹೇಳ್ತೆ" ಎಂದು ಎದ್ದೆ.

ನಮ್ಮನೆಯವರು ಉಣ್ಣುತ್ತಿದ್ದರು. "ಎಂತ ಹೇಳ್ತೆ?"

"ನಂಗೆ ಮುಖ ಗೊತ್ತಾಗುದಿಲ್ಲ ಅಂತ."

"ರೇಖಾಳ ಕಿವಿಗೆ ಬಿದ್ರೆ ಸಂಜೆ ಒಳಗೆ ಊರಿಗೆಲ್ಲ ಆತು. ತಲೆ ನೋವಿತ್ತು, ಕಾಣಲಿಲ್ಲ ಅಂತ ಹೇಳು. ಅಷ್ಟು ಸಾಕು."

"ಸಾಕಾಗುದಿಲ್ಲ. ಅವಳು ನಂಬುದಿಲ್ಲ. ನಾನಾದ್ರೂ ನಂಬ್ತಿರಲಿಲ್ಲ."

ಅವರು ಸ್ಮಿತಾಳ ಕಡೆ ನೋಡಿದರು. ಅವಳು, "ಹೇಳ್ಲಿ ಅಪ್ಪಾ" ಎಂದಳು. "ತಾಯಿಗೆ ಜ್ವರ ಬಂದದ್ದಕ್ಕೆ ಬೇಡ ಅನ್ನುವ ಮನೆ ನಂಗೂ ಬೇಡ." ಅವರು ಅನ್ನ ಕಲಸುತ್ತ ಕೂತರು.

ಗೌರಕ್ಕನ ಮನೆಗೆ ನಮ್ಮ ಹಿತ್ತಲು ದಾಟಿದರೆ ಸಾಕು. ಜಗುಲಿಯ ಮೇಲೆ ಇಬ್ಬರು ಹೆಂಗಸರು ಮುರುಗಲು ಹಣ್ಣಿನ ರಾಶಿಯ ಆಚೀಚೆ ಕೂತು ಬೀಜ ಬಿಡಿಸುತ್ತಿದ್ದರು. ಕೈಯೆಲ್ಲ ಕೆಂಪಾಗಿತ್ತು. ನಾನು ಮೆಟ್ಟಿಲ ಹತ್ತಿರ ಬಂದದ್ದನ್ನು ಇಬ್ಬರೂ ನೋಡಿದರು. ಒಬ್ಬಳು ಕೂಡಲೇ ತಲೆ ತಗ್ಗಿಸಿ ಹಣ್ಣು ಬಿಡಿಸತೊಡಗಿದಳು, ಇನ್ನೊಬ್ಬಳು ನನ್ನನ್ನು ನೋಡುತ್ತಲೇ ಇದ್ದಳು. ಯಾರೂ ಬಾ ಎನ್ನಲಿಲ್ಲ, ಕೂತ್ಕೋ ಎನ್ನಲಿಲ್ಲ. ಒಂದು ಮಾತು ಸಾಕಿತ್ತು ನನಗೆ, ಒಂದು ಕೆಮ್ಮು ಸಾಕಿತ್ತು. ಭುಜ ನೋಡಿದೆ, ಇಬ್ಬರೂ ಬಗ್ಗಿ ಕೂತಿದ್ದರಿಂದ ಅದೂ ಗೊತ್ತಾಗಲಿಲ್ಲ. ವಾಪಸ್ಸು ಹೋದರೆ ಎರಡನೆಯ ಸಲ ಬೆನ್ನು ತಿರುಗಿಸಿದ ಹಾಗೆ.

ನನ್ನನ್ನು ನೋಡುತ್ತಿದ್ದವಳ ಹಣೆಯಲ್ಲಿ ದೊಡ್ಡ ಕುಂಕುಮವಿತ್ತು. ಗೌರಕ್ಕ ಎಂದರೆ ನನ್ನ ಮನಸ್ಸಿನಲ್ಲಿ ಕುಂಕುಮ. ಮಧ್ಯಾಹ್ನ ಅಂಗಡಿಗೆ ಬರುವಷ್ಟರಲ್ಲಿ ಅದು ಬೆವರಿಗೆ ಇಳಿದು ಮೂಗಿನ ತನಕ ಬಂದಿರುತ್ತಿತ್ತು, ನಾನು ನಗುತ್ತಿದ್ದೆ, ಅವಳು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದಳು. ಕಾಲು ತಾನಾಗಿ ಅತ್ತ ಹೋಯಿತು. ಅವಳ ಎದುರು ಕೂತು, ಹಣ್ಣಿನ ರಸ ಮೆತ್ತಿದ ಕೈಯನ್ನು ಹಿಡಿದುಕೊಂಡೆ.

"ಗೌರಕ್ಕಾ, ಅವತ್ತು ಗೇಟಿನಲ್ಲಿ ನಿನ್ನ ಗುರುತು ನಂಗೆ ಸಿಕ್ಕಲಿಲ್ಲ. ಶಕುನ ನೋಡಿ ಒಳಗೆ ಹೋದದ್ದಲ್ಲ, ನಿನ್ನಾಣೆ. ಜ್ವರ ಬಂದ ಮೇಲೆ ನಂಗೆ ಯಾರ ಮುಖವೂ ಗೊತ್ತಾಗುದಿಲ್ಲ. ಇವರದ್ದು ಗೊತ್ತಾಗುದಿಲ್ಲ, ಸ್ಮಿತಾದು ಗೊತ್ತಾಗುದಿಲ್ಲ. ಕನ್ನಡಿಲಿ ನನ್ನದೇ ಗೊತ್ತಾಗುದಿಲ್ಲ. ಮಾತು ಕೇಳಿದ್ರೆ ಗೊತ್ತಾಗ್ತದೆ. ನೀ ಅವತ್ತು ಮಾತಾಡಲಿಲ್ಲ. ನೀ ಬರ್ತೆ ಬರ್ತೆ ಅಂತ ನಾನು ದಿನಾ ಬಾಗಿಲು ನೋಡ್ತಾ ಕೂತಿದ್ದೆ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಅವಳ ಕಣ್ಣು ಮಾತ್ರ ನನ್ನನ್ನು ಬಿಟ್ಟು ಪಕ್ಕಕ್ಕೆ ಹೋಯಿತು. ಅಲ್ಲಿಂದ, ರಾಶಿಯ ಆಚೆಯಿಂದ, ಮಾತು ಬಂತು.

"ವೇಣೀ, ಅವಳು ನನ್ನ ತಂಗಿ. ಕುಮಟಾದವಳು. ನಾನು ಇಲ್ಲಿ."

ತಿರುಗಿ ನೋಡಿದೆ. ಬರಿಯ ಹಣೆ. ಗಣಪತಣ್ಣ ಹೋದ ಸುದ್ದಿ ನನಗೆ ಅಷ್ಟು ತಿಂಗಳಿಂದ ಗೊತ್ತಿತ್ತು, ಅತ್ತೂ ಇದ್ದೆ. ಆ ಸುದ್ದಿ ಗೌರಕ್ಕನ ಹಣೆಯ ತನಕ ಹೋಗಿ ಮುಟ್ಟಿರಲೇ ಇಲ್ಲ. ಅವಳು ಕಳೆದುಕೊಂಡ ಕುಂಕುಮವನ್ನು ಅವಳ ಎದುರಿಗೇ ಬೇರೆಯವಳ ಹಣೆಯಲ್ಲಿ ಹುಡುಕಿ ಹೋಗಿ ಕೂತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಳು ಬಂತು, ತಡೆಯಲಿಲ್ಲ.

ಗೌರಕ್ಕ ಅಳಲಿಲ್ಲ. ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟು ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಕೇಳಿದಳು:

"ಹೌದನಾ? ನನ್ನ ಕಂಡ್ರೆ ನಿಂಗೆ ಎಂತದೂ ಹೊಳೆಯುದಿಲ್ವಾ?"

"ಇಲ್ಲ."

"ಅವರು ಹೋದದ್ದೂ ನೆನಪಾಗುದಿಲ್ವಾ?"

"ನೀ ಮಾತಾಡುವ ತನಕ ಎಂತದೂ ಆಗುದಿಲ್ಲ."

ಅವಳ ತಂಗಿ ಎದ್ದು ಒಳಗೆ ಹೋದಳು. ಗೌರಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು.

"ಊರಿನವರೆಲ್ಲ ನನ್ನ ಕಂಡ ಕೂಡ್ಲೆ ಮುಖ ಸಣ್ಣ ಮಾಡ್ಕಂತ್ರು. ಅಂಗಡಿಯವ ಹಂಗೆ, ರೇಖಾ ಹಂಗೆ, ನನ್ನ ಮಗನೂ ಹಂಗೇ. ನಾನು ಒಂದು ಗಳಿಗೆ ಮರ್ತು ಕೂತಿದ್ರೂ ಅವರ ಮುಖ ನೋಡಿ ನಂಗೆ ನೆನಪಾಗ್ತದೆ." ನನ್ನ ಕಡೆ ಸರಿದು ಹೇಳಿದಳು, "ನೀ ದಿನಾ ಬಾ, ವೇಣಿ. ಬಂದು ಇಲ್ಲಿ ಕೂತು ಸುಮ್ಮನೆ ನನ್ನ ಮುಖ ನೋಡು. ನಾನು ಆಮೇಲೆ ಮಾತಾಡ್ತೆ."

ಊರಿಗೆಲ್ಲ ಗೊತ್ತಾಯಿತು. ಹುಚ್ಚು ಎಂದವರೂ ಇದ್ದಾರೆ, ದಾರಿಯಲ್ಲಿ ಎದುರಾದಾಗ ತಮ್ಮ ಹೆಸರು ಹೇಳಿ ಮುಂದೆ ಹೋಗುವವರೂ ಇದ್ದಾರೆ. ಮುಖಗಳು ಮರಳಿ ಬಂದಿಲ್ಲ, ಬರುವುದಿಲ್ಲ ಎಂದು ಡಾಕ್ಟರಮ್ಮ ಈಗ ನೇರವಾಗಿಯೇ ಹೇಳುತ್ತಾರೆ. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಹಿತ್ತಲು ದಾಟಿ ಗೌರಕ್ಕನ ಜಗುಲಿಗೆ ಹೋಗುತ್ತೇನೆ. ಅವಳು ಹೇಳಿದ ಹಾಗೆಯೇ ಮಾಡುತ್ತಾಳೆ, ಮೊದಲು ಮಾತಾಡುವುದಿಲ್ಲ. ಅವಳಿಗೆ ಆ ಗಳಿಗೆ ಬೇಕು, ಆಗ ಅವಳ ಮೈ ಹಗುರಾಗುವುದು ನನಗೆ ಕಾಣುತ್ತದೆ. ನನಗೆ ಮಾತ್ರ ದಿನದಲ್ಲಿ ಅದಕ್ಕಿಂತ ಒಂಟಿಯಾದ ಹೊತ್ತು ಇನ್ನೊಂದಿಲ್ಲ. ಯಾರೋ ಗೊತ್ತಿಲ್ಲದ ಹೆಂಗಸಿನ ಎದುರು ಕೂತಿರುತ್ತೇನೆ, ಅವಳು ಬಾಯಿ ತೆರೆದು ಗೌರಕ್ಕನಾಗಲಿ ಎಂದು ಕಾಯುತ್ತ.